ಗಾಡಿ ಯಾವುದು, ಸಾಲ ಎಷ್ಟು? ಎಸ್‌ಯುವಿ ಕೊಳ್ಳುವವರ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಕಾರಿನದ್ದೇ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಇಳಿದ ಮೇಲೆ ಮಂಗಳೂರು, ಉಡುಪಿ ಕಡೆ ಎಸ್‌ಯುವಿ ಮಾತಿಲ್ಲದ ಮನೆ ಇಲ್ಲ ಅನಿಸುತ್ತದೆ. ಯಾವ ಕಂಪನಿ ಒಳ್ಳೆಯದು ಎಂದು ಎಲ್ಲರೂ ಕೇಳಿದ್ದೀರಿ. ಸಾಲದ ಕಾಗದದಲ್ಲಿ ಏನು ನೋಡಬೇಕು ಎಂದು ಕೇಳಿದವರು ಕಡಿಮೆ. ಹಾಗಾಗಿ ಕೆಲವು ಉತ್ತರ ನೀವು ಕೇಳಿದ್ದಕ್ಕಿಂತ ಸ್ವಲ್ಪ ಆಚೆ ಹೋಗಿದೆ. ಹೆಸರು ಬೇಡ ಎಂದು ಹಲವರು ಬರೆದಿದ್ದರಿಂದ ಊರು ಮಾತ್ರ ಹಾಕಿದ್ದೇವೆ.

ಪ್ರಶ್ನೆ: ನಾನೂ ನನ್ನ ಯಜಮಾನರೂ ಶಿಕ್ಷಕರು. ಏಳನೇ ಕ್ಲಾಸಿನ ಮಗ, ಎರಡನೇ ಕ್ಲಾಸಿನ ಮಗಳು, ಮೊಣಕಾಲು ನೋವಿನ ಅತ್ತೆ, ಒಟ್ಟು ಐದು ಜನ. ಹಳೆಯ ಸಣ್ಣ ಕಾರು ಉಂಟು, ಒಂದೂವರೆ ಲಕ್ಷ ಸಿಗಬಹುದು. ಇಬ್ಬರ ಸಂಬಳ ಸೇರಿ ಕೈಗೆ ಬರುವುದು 1.10 ಲಕ್ಷ. ಮನೆ ಸಾಲದ ಕಂತು 24,000. ಬ್ಯಾಂಕಿನಲ್ಲಿ 4 ಲಕ್ಷ ಇದೆ. ಇವರಿಗೆ ಕ್ರೆಟಾ, ಗ್ರ್ಯಾಂಡ್ ವಿಟಾರ ಅಳತೆಯದ್ದು ಬೇಕು. ನನಗೆ ನೆಕ್ಸಾನ್ ಅಳತೆ ಸಾಕು. ಶೋರೂಂನವರು "10 ಲಕ್ಷ ಸಾಲ ತೆಗೊಳ್ಳಿ ಮೇಡಂ, ಏಳು ವರ್ಷಕ್ಕೆ ಹಾಕಿದರೆ ತಿಂಗಳಿಗೆ 16 ಸಾವಿರ ಅಷ್ಟೇ" ಎನ್ನುತ್ತಾರೆ. ಏನು ಮಾಡೋದು?
(ಸುರತ್ಕಲ್)

ಉತ್ತರ: ಟೀಚರ್, ಮೊದಲು ಆ 16 ಸಾವಿರದ ಲೆಕ್ಕ ನೋಡೋಣ. ಬಡ್ಡಿ ಶೇ. 9 ಎಂದು ಹಿಡಿಯಿರಿ. 10 ಲಕ್ಷ, ಏಳು ವರ್ಷ ಅಂದರೆ ಕಂತು 16,089 ರೂಪಾಯಿ. ಶೋರೂಂನವರು ಸುಳ್ಳು ಹೇಳಿಲ್ಲ. ಆದರೆ ಏಳು ವರ್ಷದಲ್ಲಿ ನೀವು ಕಟ್ಟುವ ಬಡ್ಡಿಯೇ ಮೂರೂವರೆ ಲಕ್ಷ. ಈಗ ಅದೇ ಬಡ್ಡಿಗೆ 8 ಲಕ್ಷ, ಐದು ವರ್ಷ ಮಾಡಿ ನೋಡಿ. ಕಂತು 16,607 ಬರುತ್ತದೆ. ತಿಂಗಳಿಗೆ ಐನೂರು ಚಿಲ್ಲರೆ ಜಾಸ್ತಿ ಅಷ್ಟೇ, ಬಡ್ಡಿ 2 ಲಕ್ಷದ ಒಳಗೆ ಮುಗಿಯುತ್ತದೆ, ಸಾಲ ಎರಡು ವರ್ಷ ಮೊದಲೇ ತೀರುತ್ತದೆ. ಅಷ್ಟು ಹೊತ್ತಿಗೆ ನಿಮ್ಮ ಮಗ ಪಿಯುಸಿ ಮುಗಿಸುತ್ತಿರುತ್ತಾನೆ. ಏಳು ವರ್ಷದ ಸಾಲ ಮಾಡಿದರೆ ಕಾಲೇಜಿನ ಫೀಸು, ಕಾರಿನ ಕಂತು ಎರಡನ್ನೂ ಒಟ್ಟಿಗೆ ಕಟ್ಟಬೇಕು.

ಹಾಗಾದ್ರೆ ನಿಮ್ಮ ಬಜೆಟ್ ಹೀಗೆ: 8 ಲಕ್ಷ ಸಾಲ, ಹಳೆ ಕಾರಿನ ಒಂದೂವರೆ ಲಕ್ಷ, ಉಳಿತಾಯದಿಂದ 3 ಲಕ್ಷ. ಒಟ್ಟು 12.5 ಲಕ್ಷ. ಉಳಿದ 1 ಲಕ್ಷವನ್ನು ಮುಟ್ಟಲೇಬೇಡಿ, ವಯಸ್ಸಾದವರಿರುವ ಮನೆಗೆ ಅದೂ ಕಡಿಮೆಯೇ. ಎರಡೂ ಕಂತು ಸೇರಿ 40 ಸಾವಿರ ದಾಟುತ್ತದೆ, ಸಂಬಳದ ಶೇ. 37ರಷ್ಟು. ಇದಕ್ಕಿಂತ ಮೇಲೆ ಹೋಗಬೇಡಿ.

12.5 ಲಕ್ಷ ಅಂದರೆ ರಸ್ತೆಗೆ ಇಳಿಯುವಾಗಿನ ಬೆಲೆ. ಜಾಹೀರಾತಿನಲ್ಲಿ ಬರುವ ಎಕ್ಸ್-ಶೋರೂಂ ಬೆಲೆ ಅಲ್ಲ. ನಮ್ಮ ರಾಜ್ಯದ ರೋಡ್ ಟ್ಯಾಕ್ಸ್ ಸಣ್ಣದಲ್ಲ ಮಾರಾಯ್ರೇ. 5ರಿಂದ 10 ಲಕ್ಷದವರೆಗಿನ ಪೆಟ್ರೋಲ್, ಡೀಸೆಲ್ ಕಾರಿಗೆ ಶೇ. 14, 10 ದಾಟಿದರೆ 20 ಲಕ್ಷದವರೆಗೆ ಶೇ. 17, ಆ ತೆರಿಗೆಯ ಮೇಲೆ ಮತ್ತೆ ಶೇ. 11 ಸೆಸ್. 9.80 ಲಕ್ಷದ ಗಾಡಿಗೆ ಇದೆಲ್ಲ ಸೇರಿ ಸುಮಾರು 1.52 ಲಕ್ಷ. 10.20 ಲಕ್ಷದ ಗಾಡಿಗೆ 1.92 ಲಕ್ಷ. ಬೆಲೆಯಲ್ಲಿ 40 ಸಾವಿರ ವ್ಯತ್ಯಾಸ ಕಂಡರೆ ಜೇಬಿನಿಂದ ಹೋಗುವುದು 80 ಸಾವಿರ. 10 ಲಕ್ಷ ದಾಟಿದ ಕೂಡಲೇ ಶೇ. 1 ಟಿಸಿಎಸ್ (ಮಾರುವವರೇ ಮುಂಗಡವಾಗಿ ಹಿಡಿಯುವ ಆದಾಯ ತೆರಿಗೆ) ಬೇರೆ ಹಾಕುತ್ತಾರೆ. ಅದು ಹೋದ ಹಣ ಅಲ್ಲ. ನಿಮ್ಮ ಪ್ಯಾನ್‌ಗೆ ಜಮಾ ಆಗಿರುತ್ತದೆ, ರಿಟರ್ನ್ ಹಾಕುವಾಗ ತೆರಿಗೆಗೆ ವಜಾ ಮಾಡಿಕೊಳ್ಳಬಹುದು. "ಇನ್ನು ಸ್ವಲ್ಪ ಹಾಕಿದರೆ ಮೇಲಿನ ವೇರಿಯಂಟ್ ಬರುತ್ತೆ" ಎಂದು ಯಾರಾದರೂ ಹೇಳಿದಾಗ ಈ ಹತ್ತರ ಗೆರೆ ನೆನಪಿರಲಿ.

ಕೇಂದ್ರದ ತೆರಿಗೆಯಲ್ಲೂ ಇಂಥದ್ದೇ ಒಂದು ಗೆರೆ ಉಂಟು. ಉದ್ದ 4 ಮೀಟರ್ ಮೀರಬಾರದು, ಪೆಟ್ರೋಲ್ ಎಂಜಿನ್ 1200 ಸಿಸಿ, ಡೀಸೆಲ್ 1500 ಸಿಸಿ ಮೀರಬಾರದು. ಆಗ ಜಿಎಸ್‌ಟಿ ಶೇ. 18. ಮೀರಿದರೆ ಶೇ. 40. ನೆಕ್ಸಾನ್, ವೆನ್ಯೂ, ಸೋನೆಟ್, ಎಕ್ಸ್‌ಯುವಿ 3ಎಕ್ಸ್‌ಒ, ಕೈಲಾಕ್ ಎಲ್ಲ 18ರ ಸಾಲಿನಲ್ಲಿ ಬರುತ್ತವೆ. ಬ್ರೆಝಾ ಉದ್ದದಲ್ಲಿ ಪಾಸು, ಆದರೆ 1462 ಸಿಸಿ ಪೆಟ್ರೋಲ್ ಎಂಜಿನ್‌ನಿಂದಾಗಿ 40ಕ್ಕೆ ಹೋಗುತ್ತದೆ. ಕ್ರೆಟಾ, ಗ್ರ್ಯಾಂಡ್ ವಿಟಾರ ಎರಡೂ 4.3 ಮೀಟರ್‌ನವು, ಅವೂ 40ರಲ್ಲೇ. ನಿಮ್ಮ ಯಜಮಾನರಿಗೆ ಇಷ್ಟವಾದ ಆ ಒಂದು ಅಡಿ ಉದ್ದಕ್ಕೆ ಎಷ್ಟು ತೆರಿಗೆ ಕಟ್ಟುತ್ತೀರಿ ಎಂದು ಅವರಿಗೇ ತೋರಿಸಿ. ಆದರೂ ಅವರ ಕಡೆಗೂ ಒಂದು ಮಾತು ಹೇಳಬೇಕು. ಹಿಂದಿನ ಸೀಟಲ್ಲಿ ಮೂರು ಜನ ದೊಡ್ಡವರು ಕೂತು ಧರ್ಮಸ್ಥಳಕ್ಕೋ ಮೈಸೂರಿಗೋ ಹೋಗುವುದಾದರೆ ದೊಡ್ಡ ಗಾಡಿ ಆರಾಮ, ಅದರಲ್ಲಿ ಎರಡು ಮಾತಿಲ್ಲ. ನಿಮಗೆ ಹಿಂದೆ ಕೂರುವುದು ಅತ್ತೆ ಮತ್ತು ಎರಡು ಮಕ್ಕಳು. ಸದ್ಯಕ್ಕೆ ಸಾಕಾಗುತ್ತದೆ.

ಇನ್ನು ಅತ್ತೆಯವರ ವಿಷಯ. ಗಾಡಿ ಆರಿಸುವಾಗ ಕೊನೆಯ ಮಾತು ಅವರದ್ದೇ ಇರಲಿ. ಅವರನ್ನು ಶೋರೂಂಗೆ ಕರೆದುಕೊಂಡು ಹೋಗಿ. ನೈಟಿಯಲ್ಲಲ್ಲ, ದಿನಾ ಉಡುವ ಸೀರೆಯಲ್ಲೇ. ಹಿಂದಿನ ಬಾಗಿಲು ತೆಗೆದು ಹಾಗೇ ಬಿಡಿ, ಯಾರೂ ಕೈ ಕೊಡಬೇಡಿ. ಮೊದಲು ಸೊಂಟ ಸೀಟಿಗೆ ತಾಗಿ, ಆಮೇಲೆ ಕಾಲು ಒಳಗೆ ಬಂದರೆ ಆ ಗಾಡಿಯ ಎತ್ತರ ಸರಿ ಇದೆ ಎಂದರ್ಥ. ಬಾಗಿಲ ಮೇಲಿನ ಹಿಡಿ ಹಿಡಿದು, ಒಂದು ಕಾಲು ಮೇಲೆ ಹಾಕಿ, ಸೆರಗು ಸರಿಮಾಡಿಕೊಂಡು, ಉಸಿರು ಬಿಟ್ಟು ಮೈ ಎತ್ತಬೇಕಾಗಿ ಬಂದರೆ ಆ ಗಾಡಿ ಬೇಡ. ಸ್ಕಾರ್ಪಿಯೊ-ಎನ್ ಥರದ ಎತ್ತರದ ಗಾಡಿಯಲ್ಲಿ ಮೊಣಕಾಲು ನೋವಿನವರಿಗೆ ಇದೇ ಕಷ್ಟ. ಇಳಿಯುವುದನ್ನೂ ನೋಡಿ, ಹೆಚ್ಚಿನವರು ಅದನ್ನು ಮರೆಯುತ್ತಾರೆ. ಟೆಸ್ಟ್ ಡ್ರೈವ್ ಹೈವೇಯಲ್ಲಿ ಒಂದು ಸುತ್ತು ಹೊಡೆದರೆ ಮುಗಿಯಲಿಲ್ಲ. ಐದೂ ಜನ ಕೂತು, ಎಸಿ ಹಾಕಿ, ನಿಮ್ಮ ಮನೆಯ ಏರು ದಾರಿಯಲ್ಲಿ ನಿಲ್ಲಿಸಿ ಮತ್ತೆ ಎತ್ತಿಸಿ ನೋಡಿ.

ಸುರಕ್ಷತೆಗೆ ಭಾರತ್ ಎನ್‌ಸಿಎಪಿ, ಅಂದರೆ ಗಾಡಿಯನ್ನು ಗುದ್ದಿಸಿ ನೋಡುವ ಪರೀಕ್ಷೆಯ ಅಂಕ ನೋಡಿ. 2023ರ ಅಕ್ಟೋಬರ್‌ನಲ್ಲಿ ಶುರುವಾದ ಈ ಪರೀಕ್ಷೆಯಲ್ಲಿ ನೆಕ್ಸಾನ್, 3ಎಕ್ಸ್‌ಒ, ಕೈಲಾಕ್ ಮೂರಕ್ಕೂ ಐದು ಸ್ಟಾರ್ ಬಂದಿದೆ. ಸನ್‌ರೂಫ್ ಇಲ್ಲದಿದ್ದರೂ ನಡೆಯುತ್ತದೆ. ಆರು ಏರ್‌ಬ್ಯಾಗ್ ಮತ್ತು ಹಿಂದಿನ ಮಧ್ಯದ ಸೀಟಿಗೂ ಪೂರ್ತಿ ಬೆಲ್ಟ್, ಹೆಡ್‌ರೆಸ್ಟ್ ಇರಲಿ, ಅಲ್ಲಿ ಕೂರುವುದು ನಿಮ್ಮ ಮಗಳೇ.

ಹಳೆ ಕಾರು ಕೊಡುವಾಗ ಒಂದು ಕೆಲಸ ಮರೆಯಬೇಡಿ. ಕ್ಲೇಮ್ ಮಾಡದೆ ಉಳಿಸಿದ ನೋ ಕ್ಲೇಮ್ ಬೋನಸ್ ಕಾರಿನದ್ದಲ್ಲ, ಮಾಲೀಕರದ್ದು. ಇನ್ಶೂರೆನ್ಸ್ ಕಂಪನಿಯಿಂದ ಅದರ ಪತ್ರ ತೆಗೆದುಕೊಂಡರೆ ಹೊಸ ಗಾಡಿಯ ಸ್ವಂತ ಹಾನಿ ಪ್ರೀಮಿಯಂನಲ್ಲಿ ಶೇ. 50ರವರೆಗೆ ಕಡಿತ ಸಿಗುತ್ತದೆ. ಶೋರೂಂನವರು ತಾವಾಗಿ ಇದನ್ನು ಹೇಳುವುದು ಅಪರೂಪ. ಆರ್‌ಸಿ ಹೊಸಬರ ಹೆಸರಿಗೆ ಆಗುವವರೆಗೂ ಬೆನ್ನು ಬಿಡಬೇಡಿ. ಆ ಗಾಡಿ ಎಲ್ಲಾದರೂ ಗುದ್ದಿದರೆ ಕೋರ್ಟಿನ ನೋಟಿಸು ಆರ್‌ಸಿಯಲ್ಲಿ ಹೆಸರಿದ್ದವರಿಗೇ ಬರುತ್ತದೆ.

ಪ್ರಶ್ನೆ: ಸಣ್ಣ ಹಾರ್ಡ್‌ವೇರ್ ಅಂಗಡಿ ಉಂಟು. 10 ಲಕ್ಷ ಸಾಲಕ್ಕೆ ಬ್ಯಾಂಕಿನವರು ಶೇ. 9.25 ಹೇಳಿದ್ದಾರೆ, ಕಾಗದಪತ್ರ ತುಂಬಾ ಕೇಳುತ್ತಾರೆ. ಒಂದು ಫೈನಾನ್ಸ್‌ನವರು ಶೇ. 7ಕ್ಕೆ ಕೊಡುತ್ತೇವೆ, ಎರಡು ದಿನದಲ್ಲಿ ಸಾಲ ಪಾಸು ಎನ್ನುತ್ತಾರೆ. 7 ಕಡಿಮೆ ಅಲ್ವಾ?
(ಸಂತೆಕಟ್ಟೆ, ಉಡುಪಿ)

ಉತ್ತರ: ಕಡಿಮೆ ಅಲ್ಲ. ಆ 7 ಫ್ಲ್ಯಾಟ್ ಬಡ್ಡಿ ಇರಬೇಕು. ಫೋನ್ ಮಾಡಿ "ಫ್ಲ್ಯಾಟಾ, ರೆಡ್ಯೂಸಿಂಗಾ" ಎಂದು ಒಂದೇ ಮಾತು ಕೇಳಿ.

ಫ್ಲ್ಯಾಟ್ ಅಂದರೆ ನೀವು ಅಸಲು ತೀರಿಸುತ್ತಾ ಬಂದರೂ ಮೊದಲ ದಿನದ 10 ಲಕ್ಷಕ್ಕೇ ಐದು ವರ್ಷವೂ ಬಡ್ಡಿ. ವರ್ಷಕ್ಕೆ 70 ಸಾವಿರದಂತೆ ಮೂರೂವರೆ ಲಕ್ಷ ಬಡ್ಡಿ, ತಿಂಗಳ ಕಂತು 22,500. ಬ್ಯಾಂಕಿನ 9.25 ರೆಡ್ಯೂಸಿಂಗ್, ಉಳಿದ ಅಸಲಿಗೆ ಮಾತ್ರ ಬಡ್ಡಿ, ಕಂತು 20,880. ಐದು ವರ್ಷದಲ್ಲಿ 97 ಸಾವಿರ ವ್ಯತ್ಯಾಸ. ಆ 7ನ್ನು ಬ್ಯಾಂಕಿನ ಲೆಕ್ಕಕ್ಕೆ ತಂದರೆ ಶೇ. 12.5 ಆಗುತ್ತದೆ. ಕೆನರಾ, ಕಾರ್ಪೊರೇಷನ್ ಬ್ಯಾಂಕ್ ಎರಡೂ 1906ರಲ್ಲಿ ಹುಟ್ಟಿದ್ದು ನಮ್ಮ ಮಂಗಳೂರು, ಉಡುಪಿಯಲ್ಲಿ, 1928ರಿಂದ ದಿನದ ಸಣ್ಣ ಉಳಿತಾಯ ಕಟ್ಟಿಸಿಕೊಳ್ಳಲು ಮನೆಬಾಗಿಲಿಗೆ ಪಿಗ್ಮಿ ಏಜೆಂಟ್ ಬಂದದ್ದೂ ಇಲ್ಲೇ. ಎರಡಾಣೆ ಲೆಕ್ಕ ಇಟ್ಟವರ ಮೊಮ್ಮಕ್ಕಳು ಫ್ಲ್ಯಾಟ್ ಬಡ್ಡಿಗೆ ಸಹಿ ಹಾಕುವುದು ನೋಡಿದರೆ ಸಿಟ್ಟು ಬರುತ್ತದೆ.

ಹೋಲಿಸಲು ಸುಲಭದ ದಾರಿ ಒಂದಿದೆ. 2024ರ ಅಕ್ಟೋಬರ್‌ನಿಂದ ಬ್ಯಾಂಕಾಗಲಿ ಫೈನಾನ್ಸ್ ಕಂಪನಿಯಾಗಲಿ, ಸಾಲಕ್ಕೆ ಸಹಿ ಹಾಕಿಸುವ ಮೊದಲು ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಎಂಬ ಹಾಳೆ ಕೊಡಲೇಬೇಕು ಎಂದು ರಿಸರ್ವ್ ಬ್ಯಾಂಕ್ ನಿಯಮ ಮಾಡಿದೆ. ಅದರಲ್ಲಿ ಎಪಿಆರ್ ಎಂಬ ಒಂದು ಸಂಖ್ಯೆ ಇರುತ್ತದೆ. ಬಡ್ಡಿ, ಪ್ರೊಸೆಸಿಂಗ್ ಫೀಸು, ಬೇರೆ ಖರ್ಚು ಎಲ್ಲ ಸೇರಿ ವರ್ಷಕ್ಕೆ ನಿಜವಾಗಿ ಎಷ್ಟು ಬೀಳುತ್ತದೆ ಎನ್ನುವುದು ಅದು. ಇಬ್ಬರಿಂದಲೂ ಆ ಹಾಳೆ ತರಿಸಿ, ಎರಡು ಸಂಖ್ಯೆ ಅಕ್ಕಪಕ್ಕ ಇಟ್ಟು ನೋಡಿ. ಬೇರೆ ಏನೂ ಓದದಿದ್ದರೂ ಪರವಾಗಿಲ್ಲ. ಸಾಲದ ಜೊತೆ ಸುಮ್ನೆ ಒಂದು ಲೈಫ್ ಇನ್ಶೂರೆನ್ಸ್ ಅಂಟಿಸಿದ್ದಾರಾ ಎಂದೂ ನೋಡಿ, ಬೇಡ ಎನ್ನುವ ಹಕ್ಕು ನಿಮಗಿದೆ.

ಅಂಗಡಿ ವ್ಯಾಪಾರದಲ್ಲಿ ಮೇ ತಿಂಗಳು ಕೈತುಂಬಾ ದುಡ್ಡು, ಜುಲೈಯಲ್ಲಿ ಖಾಲಿ. ಹಾಗಾಗಿ ಮಧ್ಯೆ ಇಡಿಗಂಟು ಕಟ್ಟಲು ಬಿಡುವ ಸಾಲ ನಿಮಗೆ ಒಳ್ಳೆಯದು. ಸ್ವಂತ ಬಳಕೆಗೆ ವ್ಯಕ್ತಿಯ ಹೆಸರಲ್ಲಿ ತೆಗೆದ, ಬದಲಾಗುವ ಬಡ್ಡಿಯ ಸಾಲವನ್ನು ಮೊದಲೇ ತೀರಿಸಿದರೆ ದಂಡ ಹಾಕುವಂತಿಲ್ಲ. ಫಿಕ್ಸೆಡ್ ಬಡ್ಡಿಯದ್ದಾದರೆ ಒಪ್ಪಂದದಲ್ಲಿ ಏನು ಬರೆದಿದೆಯೋ ಅದು. ಅಂಗಡಿ ಹೆಸರಲ್ಲಿ ತೆಗೆದರೆ ಬಡ್ಡಿ, ಸವಕಳಿ ಲೆಕ್ಕಕ್ಕೆ ಹಾಕಬಹುದು ಎಂದು ಯಾರೋ ಹೇಳಿರಬಹುದು. ಅದು ಹೌದು, ವ್ಯಾಪಾರಕ್ಕೆ ಬಳಸಿದಷ್ಟಕ್ಕೆ. ಆದರೆ ಕಾರಿಗೆ ಕಟ್ಟಿದ ಜಿಎಸ್‌ಟಿ ವಾಪಸ್ ಸಿಗುವುದಿಲ್ಲ. ಆಡಿಟರ್ ಹತ್ತಿರ ಕೂತು ನಿರ್ಧಾರ ಮಾಡಿ.

ಪ್ರಶ್ನೆ: ಡೌನ್ ಪೇಮೆಂಟಿಗೆ 3 ಲಕ್ಷ ಕಡಿಮೆ ಬೀಳುತ್ತದೆ. ಹೆಂಡತಿಯ ಚಿನ್ನ ಅಡವಿಟ್ಟು ಹಾಕಬಹುದಾ?
(ಬಿ.ಸಿ. ರೋಡ್)

ಉತ್ತರ: ಬೇಡ. ಡೌನ್ ಪೇಮೆಂಟೂ ಸಾಲವೇ ಆದರೆ ಪೂರ್ತಿ ಗಾಡಿ ಸಾಲದ್ದೇ ಆಯಿತಲ್ವಾ? ಕಾರಿನ ಕಂತು ತಿಂಗಳಿಗೆ ಬರುತ್ತದೆ, ಚಿನ್ನದ ಸಾಲ ಹೆಚ್ಚಾಗಿ ವರ್ಷದ ಕೊನೆಗೆ ಒಟ್ಟಿಗೆ ಬಂದು ನಿಲ್ಲುತ್ತದೆ. ಆಗ ಬಡ್ಡಿ ಕಟ್ಟಿ ನವೀಕರಿಸುವುದು, ಮರುವರ್ಷ ಮತ್ತೆ ಅದೇ. ಒಂದು ವರ್ಷ ಕಾಯಿರಿ, ಈಗ ಕಟ್ಟಬೇಕಿದ್ದ ಕಂತಿನಷ್ಟು ಹಣವನ್ನು ತಿಂಗಳು ತಿಂಗಳು ಆರ್‌ಡಿಗೆ ಹಾಕಿ. ಹಾಕಲು ಆಯಿತಾ, ಗಾಡಿ ನಿಮ್ಮ ಕೈಗೆಟಕುತ್ತದೆ. ಆಗಲಿಲ್ಲವಾ, ಆಗ ಚಿನ್ನವಾದರೂ ಮನೆಯಲ್ಲೇ ಇರುತ್ತದೆ. ಮತ್ತೆ, ಚಿನ್ನ ಅವರದ್ದು. ಅವರನ್ನು ಕೇಳಿದ್ದೀರೋ ಇಲ್ಲವೋ ನೀವು ಬರೆದಿಲ್ಲ.

ಪ್ರಶ್ನೆ: ಮಗ ಕುವೈತಿನಲ್ಲಿದ್ದಾನೆ, ವರ್ಷಕ್ಕೆ ಒಂದು ತಿಂಗಳು ಬರುತ್ತಾನೆ. ಏಳು ಸೀಟಿನ ಡೀಸೆಲ್ ಗಾಡಿ ತೆಗೆಯೋಣ, ಕಂತು ನಾನು ಕಟ್ಟುತ್ತೇನೆ ಎನ್ನುತ್ತಾನೆ. ಮನೆಯಲ್ಲಿ ನಾನೂ ನನ್ನ ಹೆಂಡತಿಯೂ ಮಾತ್ರ. ನಾನು ಬಿಡುವುದು ಪೇಟೆಗೆ, ದೇವಸ್ಥಾನಕ್ಕೆ, ಆಸ್ಪತ್ರೆಗೆ ಅಷ್ಟೇ.
(ಕುಂದಾಪುರ)

ಉತ್ತರ: ಮಗನ ಪ್ರೀತಿ ದೊಡ್ಡದು, ಸರ್. ಆದರೆ ಹನ್ನೊಂದು ತಿಂಗಳು ಗಾಡಿ ನೋಡಿಕೊಳ್ಳುವವರು ನೀವು.

ಈಗಿನ ಬಿಎಸ್6 ಡೀಸೆಲ್ ಗಾಡಿಗಳಲ್ಲಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಎಂಬ ಫಿಲ್ಟರ್ ಇರುತ್ತದೆ. ಎಂಜಿನ್ ಚೆನ್ನಾಗಿ ಬಿಸಿಯಾಗಿ ಹೈವೇಯಲ್ಲಿ ಒಂದಷ್ಟು ಹೊತ್ತು ಓಡಿದರೆ ಮಾತ್ರ ಆ ಮಸಿ ಸುಟ್ಟು ಹೋಗುವುದು. ಶಾಸ್ತ್ರಿ ಸರ್ಕಲ್‌ವರೆಗೆ ಹೋಗಿ ತರಕಾರಿ ತಂದು ನಿಲ್ಲಿಸಿದರೆ ಮಸಿ ಕಟ್ಟುತ್ತಾ ಹೋಗುತ್ತದೆ, ಒಂದು ದಿನ ಲೈಟ್ ಉರಿಯುತ್ತದೆ, ಆಮೇಲೆ ವರ್ಕ್‌ಶಾಪು. ಹಣದ ಲೆಕ್ಕದಲ್ಲೂ ಕೂಡಿ ಬರುವುದಿಲ್ಲ. ಪೆಟ್ರೋಲಿಗಿಂತ ಡೀಸೆಲ್ ಗಾಡಿ ಒಂದೂವರೆ ಲಕ್ಷ ಜಾಸ್ತಿ ಎಂದುಕೊಳ್ಳಿ. ಪೆಟ್ರೋಲ್ 102, ಡೀಸೆಲ್ 90 ಎಂದು ಹಿಡಿದು, ಲೀಟರಿಗೆ 14 ಮತ್ತು 18 ಕಿ.ಮೀ. ಓಡುತ್ತದೆ ಎಂದರೆ ಕಿಲೋಮೀಟರಿಗೆ ಉಳಿಯುವುದು 2 ರೂಪಾಯಿ 30 ಪೈಸೆ. ಆ ಒಂದೂವರೆ ಲಕ್ಷ ವಾಪಸ್ ಬರಲು 65 ಸಾವಿರ ಕಿ.ಮೀ. ಓಡಬೇಕು. ತಿಂಗಳಿಗೆ ಎರಡು ಸಾವಿರ ಓಡುವವರು ಮೂರು ವರ್ಷದ ಒಳಗೆ ಮುಟ್ಟುತ್ತಾರೆ. ನೀವು?

ಏಳು ಸೀಟಿನ ಬಗ್ಗೆಯೂ ಯೋಚಿಸಿ. ಮಗ ಬಜ್ಪೆಯಲ್ಲಿ ಇಳಿಯುವ ದಿನ ನೆನಪಿಸಿಕೊಳ್ಳಿ. ಹಗ್ಗ ಬಿಗಿದು ಮಾರ್ಕರ್‌ನಲ್ಲಿ ಹೆಸರು ಬರೆದ ಎರಡು ಕಾರ್ಟನ್, ಎರಡು ಸೂಟ್‌ಕೇಸ್, ಕೈಯಲ್ಲಿ ಡ್ಯೂಟಿ ಫ್ರೀ ಚೀಲ. ಈ ಗಾತ್ರದ ಹೆಚ್ಚಿನ ಗಾಡಿಗಳಲ್ಲಿ ಮೂರನೇ ಸಾಲು ಎತ್ತಿದರೆ ಹಿಂದೆ ಎರಡು ಕೈಚೀಲ ಇಡುವಷ್ಟೇ ಜಾಗ. ಸಾಮಾನು ಇಡಬೇಕಾದರೆ ಆ ಸಾಲು ಮಡಚಲೇಬೇಕು. ಅಂದರೆ ಏಳು ಸೀಟು ಬೇಕಾದ ದಿನವೇ ಏಳು ಸೀಟು ಸಿಗುವುದಿಲ್ಲ.

ನಿಮಗೆ ಹೊಂದುವುದು ಒಂದು ಸಣ್ಣ ಪೆಟ್ರೋಲ್ ಆಟೋಮ್ಯಾಟಿಕ್. ಆ ಒಂದು ತಿಂಗಳು ಎಲ್ಲಾದರೂ ಒಟ್ಟಿಗೆ ಹೋಗುವ ದಿನಗಳಿಗೆ ಡ್ರೈವರ್ ಸಮೇತ ಇನ್ನೋವಾ ಬಾಡಿಗೆಗೆ ತೆಗೆದುಕೊಳ್ಳಿ. ಮಗನೇ ಬಿಡಬೇಕು ಎಂದರೆ ಕಪ್ಪು ಪ್ಲೇಟಿಗೆ ಹಳದಿ ಅಕ್ಷರದ ಸೆಲ್ಫ್ ಡ್ರೈವ್ ಗಾಡಿಯೇ ಇರಲಿ. ಪರಿಚಯದವರ ಬಿಳಿ ಬೋರ್ಡ್ ಗಾಡಿ ಬಾಡಿಗೆಗೆ ತಂದು ಅಪಘಾತವಾದರೆ ಇನ್ಶೂರೆನ್ಸ್ ಕೈ ಎತ್ತುತ್ತದೆ.

ಆರ್‌ಸಿ ನಿಮ್ಮ ಹೆಸರಲ್ಲಿರಲಿ. ಮಗನ ಹೆಸರಲ್ಲಿ ಮಾಡಿದರೆ ಕ್ಲೇಮಿಗೂ ಮಾರಾಟಕ್ಕೂ ಅವನ ಸಹಿ, ಅವನ ಫೋನಿಗೆ ಬರುವ ಒಟಿಪಿ ಬೇಕು. ಅವನು ಹಣ ಕಳಿಸಲಿ, ಕಂತು ನಿಮ್ಮ ಖಾತೆಯಿಂದ ಹೋಗಲಿ. ಸಾಧ್ಯವಾದರೆ ಸಾಲವೇ ಬೇಡ ಎನ್ನಿ. ಮತ್ತೆ ಮಳೆಗಾಲದಲ್ಲಿ ವಾರಕ್ಕೆ ಎರಡು ಸಲವಾದರೂ ಗಾಡಿ ತೆಗೆಯಿರಿ. ಇಲ್ಲದಿದ್ದರೆ ಬ್ಯಾಟರಿ ಕುಳಿತುಕೊಳ್ಳುತ್ತದೆ, ಸೀಟಿಗೆ ಬೂಸು ಹಿಡಿಯುತ್ತದೆ, ಬಾನೆಟ್ ಒಳಗೆ ಇಲಿ ಸಂಸಾರ ಹೂಡುತ್ತದೆ.

ಪ್ರಶ್ನೆ: ಮಕ್ಕಳಿಗೆ ಪನೋರಮಿಕ್ ಸನ್‌ರೂಫ್ ಬೇಕೇ ಬೇಕಂತೆ. ಅಂಗಳದಲ್ಲಿ ತೆಂಗಿನ ಮರದ ಕೆಳಗೆ ನಿಲ್ಲಿಸುವುದು. ತೊಂದರೆ ಉಂಟಾ?
(ಕಾಪು)

ಉತ್ತರ: ನಿಮಗೇ ಗೊತ್ತಿದೆ, ಆದರೂ ನಮ್ಮ ಬಾಯಲ್ಲಿ ಹೇಳಿಸುತ್ತಿದ್ದೀರಿ. ಕಾಯಿ ಬಿದ್ದು ಗಾಜು ಒಡೆದರೆ ಫುಲ್ ಇನ್ಶೂರೆನ್ಸ್‌ನಲ್ಲಿ ಕ್ಲೇಮ್ ಸಿಗುತ್ತದೆ, ಜೊತೆಗೆ ಅಷ್ಟರವರೆಗೆ ಕೂಡಿದ ನೋ ಕ್ಲೇಮ್ ಬೋನಸ್ ಹೋಗುತ್ತದೆ. ಕಾಯಿಗಿಂತ ಹೆಚ್ಚು ಕಾಟ ಕಸದ್ದು. ಸನ್‌ರೂಫ್ ಸುತ್ತ ನೀರು ಇಳಿದು ಹೋಗುವ ಸಣ್ಣ ಕೊಳವೆಗಳಿರುತ್ತವೆ. ಅದರಲ್ಲಿ ತೆಂಗಿನ ಹೂವು, ಎಲೆ ಚೂರು ಸಿಕ್ಕಿಕೊಂಡರೆ ಜೂನ್ ತಿಂಗಳ ಮಳೆ ನೇರ ಒಳಗೆ ಇಳಿಯುತ್ತದೆ. ಮೊದಲು ಒಂದು ಶೀಟಿನ ಮಾಡು ಹಾಕಿಸಿ. ಅದರ ಖರ್ಚು ಹಾಕಿ ನೋಡಿದ ಮೇಲೂ ಮಕ್ಕಳ ಹಠ ಗೆದ್ದರೆ ಗೆಲ್ಲಲಿ. ಓಡುವಾಗ ತಲೆ ಹೊರಗೆ ಹಾಕಿ ನಿಲ್ಲುವುದಕ್ಕೆ ಮಾತ್ರ ಬಿಡಬೇಡಿ.

ಪ್ರಶ್ನೆ: ದಿನಾ ಪಣಂಬೂರಿಗೆ ಹೋಗಿಬಂದು ಒಟ್ಟು 40 ಕಿ.ಮೀ. ಆಗುತ್ತದೆ. ತಿಂಗಳಿಗೊಮ್ಮೆ ಬೆಂಗಳೂರು. ಎಲೆಕ್ಟ್ರಿಕ್ ಎಸ್‌ಯುವಿ ತೆಗೆದುಕೊಳ್ಳಬಹುದಾ? ಇರುವುದು ಫ್ಲ್ಯಾಟಿನಲ್ಲಿ.
(ಕದ್ರಿ)

ಉತ್ತರ: ನಿಮ್ಮ ಓಡಾಟಕ್ಕೆ ಹೇಳಿ ಮಾಡಿಸಿದ್ದು. ಆದರೆ ಗಾಡಿ ಬುಕ್ ಮಾಡುವ ಮೊದಲು ಫ್ಲ್ಯಾಟಿನ ಅಸೋಸಿಯೇಷನ್‌ನಿಂದ ನಿಮ್ಮ ಪಾರ್ಕಿಂಗ್ ಜಾಗಕ್ಕೆ ಲೈನ್ ಎಳೆಯಲು ಲಿಖಿತ ಒಪ್ಪಿಗೆ ತೆಗೆದುಕೊಳ್ಳಿ. "ನೋಡುವ, ಮೀಟಿಂಗ್‌ನಲ್ಲಿ ಇಡುವ" ಎಂದರೆ ಅದು ಒಪ್ಪಿಗೆ ಅಲ್ಲ. ಮನೆಯಲ್ಲಿ ಚಾರ್ಜ್ ಇಲ್ಲದೆ ಇವಿ ತೆಗೆದರೆ ದಿನಾ ತಲೆನೋವು.

ಲೈನ್ ಸಿಕ್ಕಿತು ಎಂದುಕೊಳ್ಳಿ. 40 ಕಿ.ಮೀ.ಗೆ ಏಳು ಯೂನಿಟ್ ಸಾಕು. ಮೆಸ್ಕಾಂ ಬಿಲ್ ಯೂನಿಟಿಗೆ ಏಳು ರೂಪಾಯಿ ಹಿಡಿದರೂ ದಿನಕ್ಕೆ ಐವತ್ತರ ಒಳಗೆ. ಅದೇ ಪೆಟ್ರೋಲ್ ಗಾಡಿಯಾದರೆ ಮುನ್ನೂರರ ಹತ್ತಿರ. 15 ಆಂಪ್ಸ್ ಪ್ಲಗ್ಗಿಗೆ ರಾತ್ರಿ ಎರಡು ಮೂರು ಗಂಟೆ ಹಾಕಿದರೆ ದಿನದ ಖರ್ಚು ತುಂಬುತ್ತದೆ, ದೊಡ್ಡ ಚಾರ್ಜರ್ ಕೂಡಾ ಬೇಕಿಲ್ಲ. ಜಿಎಸ್‌ಟಿ ಶೇ. 5 ಮಾತ್ರ.

ಬೆಂಗಳೂರಿಗೆ ಸುಮಾರು 350 ಕಿ.ಮೀ. ಕಂಪನಿ ಹೇಳುವ ರೇಂಜ್‌ನಲ್ಲಿ ಕಾಲು ಭಾಗ ಕಳೆದು ಲೆಕ್ಕ ಹಾಕಿ. ಶಿರಾಡಿ ಹತ್ತುವಾಗ ಬ್ಯಾಟರಿ ಬೇಗ ಇಳಿಯುತ್ತದೆ, ಅದನ್ನು ನೋಡಿ ಗಾಬರಿ ಬೇಡ. ಸಕಲೇಶಪುರ ದಾಟಿದ ಮೇಲೆ ಸಮ ಆಗುತ್ತದೆ. ಹಾಸನದ ಹತ್ತಿರ ಒಂದು ಚಾರ್ಜ್, ಒಂದು ಊಟ. ವಾಪಸ್ ಬರುವಾಗ ಘಾಟಿ ಇಳಿಯುತ್ತಾ ಬ್ಯಾಟರಿಗೆ ಸ್ವಲ್ಪ ವಾಪಸ್ ತುಂಬುತ್ತದೆ.

ಸಾಲಕ್ಕೆ ಕೆಲವು ಬ್ಯಾಂಕುಗಳಲ್ಲಿ ಇವಿಗೆ ಬಡ್ಡಿ ಸ್ವಲ್ಪ ಕಡಿಮೆ, ಕೇಳಿ ಪಡೆಯಿರಿ. ಆದರೆ ಇವಿ ಸಾಲದ ಬಡ್ಡಿಗೆ ಒಂದೂವರೆ ಲಕ್ಷ ತೆರಿಗೆ ವಿನಾಯಿತಿ ಉಂಟು ಎಂದು ಯಾರಾದರೂ ಹೇಳಿದರೆ ನಂಬಬೇಡಿ. 80ಇಇಬಿ ಎಂಬ ಆ ಸೌಲಭ್ಯ 2023ರ ಮಾರ್ಚ್ 31ರ ಒಳಗೆ ಮಂಜೂರಾದ ಸಾಲಗಳಿಗೆ ಮಾತ್ರ.

ಪ್ರಶ್ನೆ: ಮಳೆಗಾಲದಲ್ಲಿ ಕೊಟ್ಟಾರ ಚೌಕಿಯಲ್ಲಿ ನೀರು ನಿಲ್ಲುತ್ತದಲ್ವಾ, ಎಸ್‌ಯುವಿ ಆದರೆ ಧೈರ್ಯವಾಗಿ ನುಗ್ಗಿಸಬಹುದಾ? ಇನ್ಶೂರೆನ್ಸ್ ಶೋರೂಂನಲ್ಲೇ ಮಾಡಿಸಬೇಕಾ?
(ಕೂಳೂರು)

ಉತ್ತರ: ನುಗ್ಗಿಸಬೇಡಿ. ಗ್ರೌಂಡ್ ಕ್ಲಿಯರೆನ್ಸ್ 200 ಮಿಲಿಮೀಟರ್ ಅಂದರೆ ಗಾಡಿಯ ಹೊಟ್ಟೆ ನೆಲದಿಂದ ಎಂಟು ಇಂಚು ಮೇಲೆ ಅಷ್ಟೇ. ಎಂಜಿನ್‌ಗೆ ಗಾಳಿ ಎಳೆಯುವ ಬಾಯಿ ಬಾನೆಟ್ ಕೆಳಗೆ ಮುಂದೆಯೇ ಇರುತ್ತದೆ. ಎದುರಿನಿಂದ ಬಸ್ಸು ಬಂದು ಎಬ್ಬಿಸುವ ಅಲೆ ಅಲ್ಲಿಗೆ ಮುಟ್ಟಲು ಎಷ್ಟು ಹೊತ್ತು? ನೀರು ಚಕ್ರದ ಅರ್ಧ ದಾಟಿದ್ದು ಕಂಡರೆ ತಿರುಗಿಸಿ.

ನೀರಲ್ಲಿ ಗಾಡಿ ಬಂದ್ ಬಿದ್ದರೆ ಮತ್ತೆ ಕೀ ತಿರುಗಿಸಲೇಬೇಡಿ. ಬಟನ್ ಇದ್ದರೆ ಒತ್ತಲೇಬೇಡಿ. ಸಿಲಿಂಡರಿಗೆ ಹೋದ ನೀರನ್ನು ಪಿಸ್ಟನ್ ಒತ್ತಲು ಹೋಗಿ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಖರ್ಚು ಲಕ್ಷಗಳಲ್ಲಿ. ಅದರಲ್ಲೂ ನೋವಿನ ವಿಷಯ ಏನೆಂದರೆ, ಸಾಮಾನ್ಯ ಫುಲ್ ಇನ್ಶೂರೆನ್ಸ್ ಇದಕ್ಕೆ ಹಣ ಕೊಡುವುದಿಲ್ಲ. ಎಂಜಿನ್ ಪ್ರೊಟೆಕ್ಟ್ ಎಂಬ ಆಡ್-ಆನ್ ಬೇರೆಯೇ ತೆಗೆದುಕೊಂಡಿರಬೇಕು. ಘಟ್ಟದ ಮೇಲಿನವರಿಗೆ ಅದು ಬೇಕಾ ಬೇಡವಾ ಎಂದು ಚರ್ಚೆ ಮಾಡಬಹುದು, ನಮ್ಮ ಕರಾವಳಿಗೆ ಬೇಕೇ ಬೇಕು. ಬಂದ್ ಬಿದ್ದ ಗಾಡಿಯನ್ನು ತಳ್ಳಿಸಿಕೊಂಡು ಹೊರಗೆ ತಂದು, ಟೋಯಿಂಗ್ ಗಾಡಿಯಲ್ಲಿ ವರ್ಕ್‌ಶಾಪಿಗೆ ಕಳಿಸಿ. ಮುಳುಗಿದ್ದರ ಫೋಟೋ ತೆಗೆದಿಡಿ.

ಇನ್ಶೂರೆನ್ಸ್ ಎಲ್ಲಿ ಬೇಕಾದರೂ ಮಾಡಿಸಬಹುದು. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ಕಡ್ಡಾಯ, ಸ್ವಂತ ಹಾನಿಯದ್ದು ವರ್ಷ ವರ್ಷ ಮಾಡಬಹುದು. ಹೊರಗೆ ಒಂದು ಕೊಟೇಷನ್ ತೆಗೆಸಿ, ಎರಡರಲ್ಲೂ ಐಡಿವಿ (ಗಾಡಿ ಪೂರ್ತಿ ಹೋದರೆ ಸಿಗುವ ಮೊತ್ತ) ಒಂದೇ ಇದೆಯಾ ನೋಡಿ, ಅದನ್ನು ಶೋರೂಂನವರಿಗೆ ತೋರಿಸಿ. ಸುಮಾರು ಸಲ ಅಲ್ಲೇ ಇಳಿಸುತ್ತಾರೆ. ಝೀರೊ ಡೆಪ್ (ಸವಕಳಿ ಕಳೆಯದೆ ಕ್ಲೇಮ್ ಕೊಡುವ ಆಡ್-ಆನ್) ಹಾಕಿಸಿ, ಇಲ್ಲದಿದ್ದರೆ ಬಂಪರಿನಂಥ ಪ್ಲಾಸ್ಟಿಕ್ ಭಾಗಕ್ಕೆ ಅರ್ಧ ಹಣ ನಿಮ್ಮದೇ.

ಪ್ರಶ್ನೆ: ಆಟಿ ತಿಂಗಳಲ್ಲಿ ಗಾಡಿ ತೆಗೆದರೆ ಆಫರ್ ಜಾಸ್ತಿಯಂತೆ. ಮನೆಯಲ್ಲಿ ಅಮ್ಮ ಬಿಲ್‌ಕುಲ್ ಬೇಡ ಎನ್ನುತ್ತಾರೆ.
(ಮೂಡುಬಿದಿರೆ)

ಉತ್ತರ: ಇಬ್ಬರೂ ಗೆಲ್ಲುವ ದಾರಿ ಉಂಟು. ಆಟಿ (ಜುಲೈ-ಆಗಸ್ಟ್‌ನ ತುಳು ತಿಂಗಳು) ಶುಭ ಕೆಲಸಕ್ಕೆ ಆಗದು ಎಂದು ನಮ್ಮ ಕಡೆ ಯಾರೂ ಆಗ ಹೊಸ ಗಾಡಿ ಮನೆಗೆ ತರುವುದಿಲ್ಲ. ಶೋರೂಂ ಖಾಲಿ, ಸೇಲ್ಸ್‌ನವರಿಗೆ ಟಾರ್ಗೆಟ್ ತಲೆಬಿಸಿ. ಬೆಲೆ ಮಾತಾಡಲು ಅದಕ್ಕಿಂತ ಒಳ್ಳೆ ಸಮಯ ಇಲ್ಲ. ಆಟಿಯಲ್ಲಿ ಬುಕ್ ಮಾಡಿ, ಆಫರನ್ನು ಬುಕಿಂಗ್ ಫಾರ್ಮ್‌ನಲ್ಲೇ ಬರೆಸಿ, ಡೆಲಿವರಿ ಮರುತಿಂಗಳು ಸೋಣದಲ್ಲೋ ಚೌತಿಗೋ ತೆಗೆದುಕೊಳ್ಳಿ. ಅಮ್ಮನನ್ನು ಕರೆದುಕೊಂಡು ಕಟೀಲಿಗೆ ಹೋಗಿ ಪೂಜೆ ಮಾಡಿಸಿ. ಬಿಲ್ ಹಾಕುವ ತಿಂಗಳ ಬೆಲೆ ಅನ್ವಯ ಎಂದು ಫಾರ್ಮಿನ ಕೆಳಗೆ ಸಣ್ಣಕ್ಷರದಲ್ಲಿ ಇರುತ್ತದೆ, ಅದನ್ನು ಓದಿ, ಬೆಲೆ ಏರಿದರೆ ಯಾರು ಹೊರುವುದು ಎಂದು ಆಗಲೇ ಕೇಳಿ. ಹ್ಯಾಂಡ್ಲಿಂಗ್ ಚಾರ್ಜ್ ಎಂಬ ಸಾಲು ಬಿಲ್ಲಿನಲ್ಲಿದ್ದರೆ ತೆಗೆಸಿ.

ಡಿಸೆಂಬರಿನ ಆಫರಿಗೆ ಮಾತ್ರ ಒಂದು ಎಚ್ಚರಿಕೆ. ಡಿಸೆಂಬರಿನಲ್ಲಿ ತೆಗೆದ ಗಾಡಿ ಒಂದೇ ತಿಂಗಳಲ್ಲಿ ಹೋದ ವರ್ಷದ ಮಾಡೆಲ್ ಆಗುತ್ತದೆ. ಹತ್ತು ವರ್ಷ ಇಟ್ಟುಕೊಳ್ಳುವವರಿಗೆ ಅದು ಲೆಕ್ಕಕ್ಕಿಲ್ಲ, ನಾಲ್ಕು ವರ್ಷಕ್ಕೆ ಮಾರುವವರಿಗೆ ಲೆಕ್ಕ ಉಂಟು.

ಇನ್ನು, ರಿಜಿಸ್ಟ್ರೇಷನ್‌ಗೆ ಕಳಿಸುವ ಮೊದಲು ಯಾರ್ಡಿಗೆ ಹೋಗಿ ನಿಮಗೆಂದು ಇಟ್ಟ ಗಾಡಿಯನ್ನೇ ಹಗಲು ಬೆಳಕಿನಲ್ಲಿ ನೋಡಿ. ಚಾಸಿಸ್ ನಂಬರ್ ಬರೆದುಕೊಳ್ಳಿ. ತಯಾರಾದ ತಿಂಗಳು ನೋಡಿ. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ, ಮೊದಲೆರಡು ವಾರ, ಕೊನೆಯೆರಡು ವರ್ಷ. ಐದಕ್ಕೆ ಐದೂ ಟೈರ್ ನೋಡಿ, ಸ್ಟೆಪ್ನಿ ಬಿಡಬೇಡಿ. ಮಳೆಗಾಲದಲ್ಲಿ ಯಾರ್ಡಿನಲ್ಲಿ ನಿಂತ ಗಾಡಿಯಾದ್ದರಿಂದ ಕಾಲಡಿಯ ಮ್ಯಾಟ್ ಎತ್ತಿ ಕೆಳಗಿನ ಕಾರ್ಪೆಟ್ ಮುಟ್ಟಿ ನೋಡಿ, ಒದ್ದೆ ಇದ್ದರೆ ಬೇರೆ ಗಾಡಿ ಕೇಳಿ. ಇಷ್ಟೆಲ್ಲ ನೋಡಿ ಸರಿ ಅನಿಸಿದ ಮೇಲೆಯೇ ಸಾಲದ ಹಣ ಬಿಡುಗಡೆ ಮಾಡಲು ಬ್ಯಾಂಕಿಗೆ ಹೇಳಿ. ನಿಮ್ಮ ಹೆಸರಿಗೆ ನಂಬರ್ ಬಿದ್ದ ಮೇಲೆ ಗೀರು ಕಂಡರೆ ಟಚ್‌ಅಪ್ ಮಾಡಿ ಕೊಡುತ್ತಾರೆಯೇ ಹೊರತು ಬೇರೆ ಗಾಡಿ ಕೊಡುವುದಿಲ್ಲ.